ಹೊಸ ಡಿಸ್ಕ್, ಹಳೇ ನಂಬರ್

ಔರಾದದ ಆಪರೇಟರಿಗೆ ಇಂಗ್ಲಿಷ್ ಬರುವುದಿಲ್ಲ, ಅದಕ್ಕೇ ಅಷ್ಟೆಲ್ಲ ಅನಾಹುತವಾಯಿತು ಎಂದು ನಮ್ಮ ಕಂಪನಿಯಲ್ಲಿ ಇಂದಿಗೂ ಹೇಳುವವರಿದ್ದಾರೆ. ನನ್ನ ಮುಂದೆ ಹೇಳುವುದಿಲ್ಲ. ಹೇಳಿದರೆ ನಾನು ಸುಮ್ಮನೆ ಕೇಳಿಸಿಕೊಂಡು ಕೂಡುವಾಕೆ ಅಲ್ಲ ಎಂದು ಅವರಿಗೆ ಗೊತ್ತಿದೆ. ಬೆನ್ನ ಹಿಂದೆ ಹೇಳುತ್ತಾರೆ. ಅದಕ್ಕಾಗಿ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ.

ಕೆಲಸ ಏನು ಎಂದು ಮೊದಲು ಹೇಳಬೇಕು. ಒಂದು ಟ್ರಸ್ಟಿನ ದವಾಖಾನೆಗಳು ಮೂರು ಊರಲ್ಲಿವೆ: ಬೀದರ, ಭಾಲ್ಕಿ, ಔರಾದ. ರೋಗಿಗಳ ಎಕ್ಸ್‌ರೇ, ಸ್ಕ್ಯಾನು, ಎಲ್ಲ ಚಿತ್ರಗಳೂ ನಮ್ಮ ಸುಪರ್ದಿಯಲ್ಲಿ. ಒಂದೊಂದು ಊರಿಗೆ ಒಂದು ಸರ್ವರ್, ಒಂದೊಂದು ಸರ್ವರಿಗೆ ನಾಲ್ಕು ಡಿಸ್ಕ್. ಮೂರೂ ಸೇರಿ ಒಂದೇ ಉಗ್ರಾಣದ ಹಾಗೆ ಕೆಲಸ ಮಾಡುತ್ತವೆ. ಒಂದು ಚಿತ್ರ ಬಂದರೆ ಅದನ್ನು ತುಂಡು ಮಾಡಿ, ಪ್ರತಿ ತುಂಡಿನ ಮೂರು ನಕಲು ಮಾಡಿ, ಊರಿಗೊಂದರಂತೆ ಇಡುತ್ತದೆ. ಬೀದರ ಸುಟ್ಟು ಹೋದರೂ ಭಾಲ್ಕಿಯಲ್ಲಿ ಉಳಿಯಬೇಕು, ಭಾಲ್ಕಿಯಲ್ಲಿ ಕರೆಂಟು ಹೋದರೂ ಔರಾದದಿಂದ ಬರಬೇಕು. ಮೂರರಲ್ಲಿ ಎರಡು ನಕಲು ಕೈಗೆ ಸಿಗುತ್ತಿರುವ ತನಕ ಕೆಲಸ ನಡೆಯುತ್ತದೆ. ಒಂದೇ ಉಳಿದರೆ ಉಗ್ರಾಣ ಬಾಗಿಲು ಹಾಕಿಕೊಳ್ಳುತ್ತದೆ. ಇದ್ದೊಂದೂ ಕೆಡಬಾರದು ಎಂಬ ಎಚ್ಚರಿಕೆ ಅದು.

ಯಾವ ತುಂಡು ಯಾವ ಡಿಸ್ಕಿನಲ್ಲಿ ಎಂಬುದನ್ನು ಅದು ಡಿಸ್ಕಿನ ನಂಬರ್ ಮೇಲೆ ಲೆಕ್ಕ ಹಾಕುತ್ತದೆ. ಬೀದರಿನವು ಸೊನ್ನೆಯಿಂದ ಮೂರು. ಭಾಲ್ಕಿಯವು ನಾಲ್ಕರಿಂದ ಏಳು. ಔರಾದದವು ಎಂಟರಿಂದ ಹನ್ನೊಂದು. ಈ ನಂಬರುಗಳಲ್ಲಿ ಒಂದನ್ನು ಅಳಿಸಿದರೂ ಇಡೀ ಲೆಕ್ಕ ಹೊಸದಾಗುತ್ತದೆ. ಮೂರೂ ಊರಿನ ತುಂಡುಗಳು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಹೊರಡುತ್ತವೆ. ಊರು ಊರಿನ ನಡುವಿನ ನಮ್ಮ ಲೈನಿಗೆ ಅಷ್ಟು ತಾಕತ್ತಿಲ್ಲ. ಆದ್ದರಿಂದ ಡಿಸ್ಕ್ ಬದಲಿಸುವಾಗ ನಂಬರ್ ಅಳಿಸಬಾರದು. 'ಈ ಡಿಸ್ಕ್ ಸತ್ತಿತು, ಇದರ ನಂಬರ್ ಕಾದಿಡು' ಎಂದು ಹೇಳುವ ಅಪ್ಪಣೆಯೇ ಬೇರೆ ಇದೆ. ಅದನ್ನು ಕೊಟ್ಟು, ಹಳೆಯದನ್ನು ಎಳೆದು, ಹೊಸದನ್ನು ಹಾಕಿ, ಅದೇ ನಂಬರನ್ನು ಹೊಸದಕ್ಕೆ ಕೊಟ್ಟರೆ ಬೇರೆ ಯಾವುದೂ ಕದಲುವುದಿಲ್ಲ. ಹೊಸ ಡಿಸ್ಕ್ ಮಾತ್ರ ನಿಧಾನಕ್ಕೆ ತುಂಬುತ್ತದೆ.

ಹೇಳಲು ಇಷ್ಟೇ. ಮಾಡಲು ಎದೆ ಗಟ್ಟಿ ಬೇಕು. ಯಾಕೆಂದರೆ ಆ ಅಪ್ಪಣೆ ಕೊಟ್ಟ ಮೇಲೆ ಹಳೆಯ ಡಿಸ್ಕಿನ ಬೀಗದ ಕೈ ಉಗ್ರಾಣದವರೇ ಎಸೆದುಬಿಟ್ಟಂತೆ. ಆಮೇಲೆ ಅದನ್ನು ತಿರುಗಿ ಹಾಕಿದರೂ ಗುರುತು ಹಿಡಿಯುವುದಿಲ್ಲ.

ನಮ್ಮ ಡಿಸ್ಕುಗಳನ್ನು ಒಂದೇ ಸಲ, ಒಂದೇ ಕಡೆ ಕೊಂಡಿದ್ದರು. ಹಾಗಾಗಿ ಕೆಡಲು ಶುರುವಾದದ್ದೂ ಒಟ್ಟಿಗೇ. ಬೀದರಿನಲ್ಲಿ ಎರಡನೇ ನಂಬರು ಸತ್ತಿತು. ಭಾಲ್ಕಿಯ ಆರು, ಔರಾದದ ಹನ್ನೊಂದು ಓದುವಾಗ ತಡವರಿಸತೊಡಗಿದವು. ಔರಾದದ ಎಂಟರ ಮೇಲೂ ನನಗೆ ಭರವಸೆ ಇರಲಿಲ್ಲ. ಕಂಪನಿಯವರು ಹೊಸ ಡಿಸ್ಕು ಕಳಿಸಿದರು, ಬದಲಿಸುವ ಕೆಲಸ ನನಗೆ ಬಂತು. ನಾನು ಕಂಪನಿಯ ಬೀದರ ಕೇಂದ್ರದ ಇಂಜಿನಿಯರ್. ಭಾಲ್ಕಿಯಲ್ಲಿ ಒಬ್ಬರು, ಔರಾದದಲ್ಲಿ ಒಬ್ಬಳು ಆಪರೇಟರ್. ನಾವು ಮೂವರೂ ಕಾಂಟ್ರ್ಯಾಕ್ಟಿನವರೇ. ನಮ್ಮ ಮೇಲೆ ಬೆಂಗಳೂರಿನಲ್ಲಿ ಕೂತ ಮೇಲ್ವಿಚಾರಕರು.

ಕೆಲಸಕ್ಕೆ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಡಿಸ್ಕ್ ಎಳೆಯುವ ಮೊದಲು ನಾನು ನಂಬರನ್ನು ಕನ್ನಡದಲ್ಲಿ ಹೇಳುವುದು, ಆಚೆ ಕಡೆಯವರು ಡಿಸ್ಕ್ ಕೂತ ಟ್ರೇ ಮೇಲಿನ ಚೀಟಿ ನೋಡಿ ತಿರುಗಿ ಹೇಳುವುದು, ನಾನು ಮತ್ತೊಮ್ಮೆ ಹೇಳುವುದು. ಆಮೇಲೆಯೇ ಕೈ ಹಚ್ಚುವುದು. ಯಾವ ಡಿಸ್ಕ್ ಎಂದು ತೋರಿಸಲು ಟ್ರೇದ ಮೇಲೆ ಮಿಣುಕುವ ದೀಪವಿರುತ್ತದೆ. ಔರಾದದ ಸರ್ವರಿನಲ್ಲಿ ಆ ದೀಪ ಬಂದ ದಿನದಿಂದ ಹತ್ತಿಲ್ಲ. ನಾನು ಎಷ್ಟು ಸಲ ಬರೆದರೂ ರಿಪೇರಿ ಆಗಿಲ್ಲ. ಹೀಗಾಗಿ ಅಲ್ಲಿ ಬಾಯಿಮಾತೇ ದೀಪ.

ಕನ್ನಡದಲ್ಲೇ ಯಾಕೆ ಎಂದರೆ, ನಮ್ಮ ಕಡೆ ಎಣಿಕೆ ಒಂದು ಭಾಷೆಯಲ್ಲಿ ನಡೆಯುವುದಿಲ್ಲ. ಬೀದರಿನ ಚೌಬಾರದ ಅಂಗಡಿಯಲ್ಲಿ ಉರ್ದುವಿನಲ್ಲಿ ಎಣಿಸುತ್ತಾರೆ. ನಮ್ಮೂರು ಮೆಹಕರದಲ್ಲಿ ಅರ್ಧ ಊರು ಮರಾಠಿಯಲ್ಲಿ ಎಣಿಸುತ್ತದೆ. ಬಸ್‌ ಸ್ಟ್ಯಾಂಡಿನಲ್ಲಿ ಇಂಗ್ಲಿಷ್. ಒಂದೇ ವಾಕ್ಯದಲ್ಲಿ ಮೂರೂ ಬರುತ್ತವೆ, ಯಾರಿಗೂ ತೊಡಕಿಲ್ಲ, ಯಾಕೆಂದರೆ ಎದುರಿಗೆ ಸಾಮಾನು ಇರುತ್ತದೆ. ಫೋನಿನಲ್ಲಿ ಸಾಮಾನು ಕಾಣುವುದಿಲ್ಲ.

ಬೀದರಿನ ಎರಡನೇ ನಂಬರು ಸಲೀಸಾಗಿ ಆಯಿತು. ಆಮೇಲೆ ಭಾಲ್ಕಿ. ಅಲ್ಲಿನವರು ನನಗಿಂತ ಹಿರಿಯರು, ಮೊದಲು ವೈರಿಂಗ್ ಕೆಲಸ ಮಾಡಿದವರು, ಬಾಯಿ ಜೋರು.

"ಅಣ್ಣಾರ, ಆರು," ಎಂದೆ.

"ಆರು, ಅಕ್ಕೋರ."

"ಚೀಟಿ ನೋಡಿ ಹೇಳ್ರಿ. ಆರು?"

"ಆರ್ ಅಂದ್ರ ಆರ್ರಿ ಅಕ್ಕೋರ! ನಮ್ ಸಾಲ್ಯಾಗ ಅಕ್ಕೋರು ಹಿಂಗ ಒಂದೊಂದು ಮೂರ್ ಮೂರ್ ಸಲ ಕೇಳಿದ್ರ ನಾ ಇವತ್ತ ಇದೇ ದವಾಖಾನ್ಯಾಗ ಡಾಕ್ಟರ್ ಇರ್ತಿದ್ದೆ. ಮಂದಿ ಬಚಾವ್ ಆದ್ರು."

ಆರನೆಯದು ಬಂತು, ಹೊಸದು ಕೂತಿತು, ಆರನೇ ನಂಬರನ್ನೇ ಪಡೆದು ತುಂಬತೊಡಗಿತು. ಲೈನು ಸಣ್ಣದು, ಕೆಲವು ದಿನ ಬೇಕು. ಔರಾದದ ಹನ್ನೊಂದನ್ನು ನಾನು ಮುಂಚಿತವಾಗಿಯೇ ನಿಧಾನಕ್ಕೆ ಖಾಲಿ ಮಾಡಿಟ್ಟಿದ್ದೆ. ಅದರೊಳಗಿದ್ದದ್ದೆಲ್ಲ ಔರಾದದ ಉಳಿದ ಮೂರು ಡಿಸ್ಕಿಗೆ ಹೋಗಿತ್ತು. ಭಾಲ್ಕಿ ಪೂರ್ತಿ ತುಂಬಲಿ, ಆಮೇಲೆ ಔರಾದ ಮುಟ್ಟೋಣ ಎಂದು ಇದ್ದೆ. ಒಂದು ಊರು ತುಂಬುತ್ತಿರುವಾಗ ಇನ್ನೊಂದು ಊರಿನ ಡಬ್ಬಕ್ಕೆ ಕೈ ಹಾಕಬಾರದು. ನನಗೆ ಇದರಲ್ಲಿ ರಾಜಿ ಇಲ್ಲ.

ಆದರೆ ಟ್ರಸ್ಟಿಗೆ ತಪಾಸಣೆಯವರು ಬರುವವರಿದ್ದರು. ಅದರೊಳಗೆ ಮುಗಿದಿರಬೇಕು ಎಂದು ಮೇಲ್ವಿಚಾರಕರು ಮಾತು ಕೊಟ್ಟುಬಿಟ್ಟಿದ್ದರು. ನನ್ನನ್ನು ಕೇಳಿ ಕೊಟ್ಟದ್ದಲ್ಲ. ಬೆಳಿಗ್ಗೆ ಬೀದರ ಕೇಂದ್ರಕ್ಕೆ ಹೋಗಿ ಕೂತಿದ್ದೇ ತಡ, ಫೋನು ಬಂತು.

"ಮೇಡಮ್, ಇವತ್ತೇ ಔರಾದ್ ಮುಗ್ಸೋಣ. ಇಲೆವೆನ್ ಹೇಗೂ ಖಾಲಿ ಇದೆಯಲ್ಲ?"

"ಖಾಲಿ ಅದ ಸರ್. ಭಾಲ್ಕಿ ಇನ್ನಾ ತುಂಬಲತ್ತದ. ತುಂಬಿದ ಮ್ಯಾಲ ಮಾಡೋಣ್ರಿ."

"ಖಾಲಿ ಡಿಸ್ಕ್ ತೆಗೆದ್ರೆ ಏನಾಗುತ್ತೆ ಹೇಳಿ?"

"ಅದನ್ನೇ ತೆಗದ್ರ ಏನೂ ಆಗಂಗಿಲ್ಲ. ಬ್ಯಾರೇದಕ್ಕ ಕೈ ಬಿತ್ತಂದ್ರ ಆಗ್ತದ."

ಅವರು ನಕ್ಕರು. "ಯಾಕೆ ಬೇರೇದಕ್ಕೆ ಬೀಳುತ್ತೆ? ಕಾಲ್ ನಾನೇ ಹ್ಯಾಂಡಲ್ ಮಾಡ್ತೀನಿ ಬಿಡಿ. ನೀವು ಸ್ಕ್ರೀನ್ ನೋಡ್ತಾ ಇರಿ ಸಾಕು. ನಿಮ್ಮ ಆ ಮಗ್ಗಿ ಕಂಠಪಾಠ ಎಲ್ಲ ಬೇಡ, ಟೈಮ್ ಇಲ್ಲ."

ಮಗ್ಗಿ ಕಂಠಪಾಠ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದಾಕೆ ನಾನು. ಅಪ್ಪನಿಗೆ ನನ್ನ ಕಾಲೇಜಿನ ಹೆಸರು ಇಂದಿಗೂ ಪೂರ್ತಿ ಹೇಳಲು ಬರುವುದಿಲ್ಲ. ಭಾಲ್ಕಿಗೆ ಬಸ್ಸಿನಲ್ಲಿ ನಿಂತುಕೊಂಡೇ ಓದಿ, ಇಂಗ್ಲಿಷಿನ ಒಂದೊಂದು ಪುಸ್ತಕವನ್ನು ಎರಡೆರಡು ಸಲ ಓದಿ ಈ ಕುರ್ಚಿಗೆ ಬಂದಿದ್ದೇನೆ. ಕಂಠಪಾಠ ಮಾಡಿದ್ದಕ್ಕೇ ಬಂದಿದ್ದೇನೆ. ಅದನ್ನು ಯಾರೂ ನನಗೆ ಹಂಗಿಸಿ ಹೇಳಬೇಕಾಗಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, 'ನನ್ನ ಒಪ್ಪಿಗೆ ಇಲ್ಲ' ಎಂದಷ್ಟೇ ಹೇಳಿದೆ. ಅವರು 'ನೋಟೆಡ್' ಅಂದರು.

ಔರಾದದ ಆಪರೇಟರ್ ಪಕ್ಕದ ಚಿಂತಾಕಿ ಊರಿನವಳು. ಅವಳೂ ತನ್ನ ಮನೆಯಲ್ಲಿ ಮೊದಲು ಓದಿದವಳೇ, ಡಿಪ್ಲೊಮಾ. ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮದುವೆ ಮಾತು ಬಂದಾಗಲೆಲ್ಲ 'ನೌಕ್ರಿ ಅದ, ಈಗ ಬ್ಯಾಡ' ಎಂದು ಮನೆಯವರ ಬಾಯಿ ಮುಚ್ಚಿಸುತ್ತೇನೆ ಎಂದು ನನಗೆ ನಗುತ್ತ ಹೇಳಿದ್ದಳು. ಆ ನೌಕರಿ ಹೋದರೆ ಆಕೆಯ ಮಾತೂ ಹೋಯಿತು ಎಂದೇ ಅರ್ಥ.

ಕಾಲ್ ಶುರುವಾಯಿತು. ಅವಳು ಹೊಸ ಡಿಸ್ಕನ್ನು ಬೇರೊಂದು ಟ್ರೇಗೆ ಸ್ಕ್ರೂ ಮಾಡಿ ತಯಾರಿಟ್ಟುಕೊಂಡು ಸರ್ವರ್ ಮುಂದೆ ನಿಂತಿದ್ದಳು. ಮೇಲ್ವಿಚಾರಕರು ಬೆಂಗಳೂರಿನಿಂದಲೇ ನನ್ನ ಯಂತ್ರದೊಳಗೆ ಬಂದು ಕೂತಿದ್ದರು. ಅವರು ಬರೆದದ್ದು ನನ್ನ ಪರದೆಯಲ್ಲಿ ಅಕ್ಷರ ಅಕ್ಷರವಾಗಿ ಕಾಣುತ್ತದೆ. ಹನ್ನೊಂದು ಸತ್ತಿತು, ನಂಬರ್ ಕಾದಿಡು ಎಂದು ಅಪ್ಪಣೆ ಕೊಟ್ಟರು. ಅಲ್ಲಿಯವರೆಗೆ ಸರಿಯೇ. ಅಷ್ಟರಲ್ಲಿ ಭಾಲ್ಕಿಯಿಂದ ನನ್ನ ಮೊಬೈಲಿಗೆ ಫೋನು. ಸರ್ವರಿನ ಫ್ಯಾನು ಕಿರುಗುಟ್ಟುತ್ತಿದೆ, ಏನು ಮಾಡಲಿ ಎಂದು ಅಣ್ಣಾರ ಪ್ರಶ್ನೆ. ಒಂದು ಕಿವಿ ಅಲ್ಲಿ, ಒಂದು ಕಿವಿ ಇಲ್ಲಿ. ಈ ಕಡೆಯ ಕಿವಿಗೆ ಬಿದ್ದದ್ದು ಮೇಲ್ವಿಚಾರಕರ ದನಿ: "ಎಸ್, ಎಸ್! ನೌ! ನೌ!"

ಮರುಗಳಿಗೆ ಪರದೆ ಕೆಂಪಾಯಿತು.

ಹನ್ನೊಂದು ಎಳೆದರೆ ಕೆಂಪಾಗುವ ಕಾರಣವೇ ಇಲ್ಲ. ನೋಡಿದೆ. ಇಲ್ಲದ್ದು ಒಂಬತ್ತು.

ಒಂಬತ್ತು ನಮ್ಮಲ್ಲಿ ಗಟ್ಟಿಮುಟ್ಟಾದ ಡಿಸ್ಕು. ಹನ್ನೊಂದರಿಂದ ಬಂದ ತುಂಡುಗಳೂ ಅದರಲ್ಲೇ ಬಹಳಷ್ಟಿದ್ದವು. ಭಾಲ್ಕಿಯ ಆರು ಇನ್ನೂ ತುಂಬಿಲ್ಲ, ಔರಾದದ ಒಂಬತ್ತು ಈಗ ಇಲ್ಲ. ಆ ಎರಡರಲ್ಲಿ ಇರಬೇಕಾದ ತುಂಡುಗಳಿಗೆಲ್ಲ ಬೀದರಿನ ಒಂದೇ ನಕಲು ಉಳಿಯಿತು. ಉಗ್ರಾಣ ಬಾಗಿಲು ಹಾಕಿಕೊಂಡಿತು. ಎಲುಬಿನ ಡಾಕ್ಟರ ಕೋಣೆಯಿಂದ ಫೋನು: "ಪೇಶೆಂಟ್ ಟೇಬಲ್ ಮ್ಯಾಲ ಮಲಗ್ಯಾನ, ಫಿಲ್ಮ್ ಯಾಕ ತೆರೀವಲ್ದು?" ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು.

ಭಾಲ್ಕಿಯ ಫೋನು ಇಟ್ಟು ಕಾಲ್‌ಗೆ ಬಾಯಿ ಹಾಕಿದೆ. "ತಂಗಿ, ಯಾವುದು ತೆಗದಿ?"

"ನೌ ನಂಬರ್ ಅಕ್ಕಾ. ಸಾಹೇಬ್ರು ಹೇಳಿದ್ರಲ್ಲ. ಯಾವುದು ತೆಗೀಲಿ ಸರ್ ಅಂತ ನಾ ಕೇಳ್ದೆ, ನೌ ಅಂದ್ರು. ನೌ ನಂಬರ್ ಏನ್ರಿ ಸರ್ ಅಂತ ಇನ್ನೊಮ್ಮೆ ಕೇಳ್ದೆ, ಎಸ್ ಎಸ್ ನೌ ಅಂದ್ರು. ತೆಗದೆ. ಹೊಸಾದು ಅಲ್ಲೇ ಹಾಕೀನಿ."

ನನಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಬೀದರ ಜಿಲ್ಲೆಯಲ್ಲಿ ಹುಟ್ಟಿದ ಯಾರಿಗಾದರೂ ತಿಳಿಯುತ್ತದೆ. ಯಾವುದು ಎಂದು ಕೇಳಿದವಳಿಗೆ ನೌ ಎಂದು ಉತ್ತರ ಬಂದರೆ ಅದು ಒಂಬತ್ತಲ್ಲದೆ ಇನ್ನೇನು? ಉರ್ದುವಿನಲ್ಲೂ ಅದೇ, ಮರಾಠಿಯಲ್ಲೂ ಹೆಚ್ಚುಕಡಿಮೆ ಅದೇ. ಅವಳು ಕೇಳಿದ್ದು ನಂಬರು. ಅವರು ಹೇಳಿದ್ದು 'ಈಗ'. ಅದೂ ಇಂಗ್ಲಿಷಿನಲ್ಲಿ. ಕನ್ನಡ ಬರದವರೂ ಅಲ್ಲ ಅವರು. ನನ್ನೊಂದಿಗೆ ದಿನಾ ಮಾತಾಡುವುದೇ ಕನ್ನಡದಲ್ಲಿ. ಅವಳ ಪ್ರಶ್ನೆಗೆ ಕಿವಿಗೊಡುವ ಪುರಸೊತ್ತು ಅವರಿಗೆ ಇರಲಿಲ್ಲ, ಅಷ್ಟೇ.

"ಓ ಗಾಡ್," ಎಂದರು ಮೇಲ್ವಿಚಾರಕರು. ಆಮೇಲೆ ತಡವಿಲ್ಲದೆ, "ಸರಿ, ಪರವಾಗಿಲ್ಲ. ಹೊಸ ಡಿಸ್ಕ್ ನೈನ್ ಜಾಗದಲ್ಲೇ ಕೂತಿದೆಯಲ್ಲ? ನೈನನ್ನೇ ಡಿಸ್ಟ್ರಾಯ್ ಮಾಡಿ, ಅದೇ ಐಡಿ ಹೊಸದಕ್ಕೆ ಕೊಡೋಣ. ಬೀದರ್ ಕಾಪಿಯಿಂದ ತುಂಬ್ಕೊಳ್ಳುತ್ತೆ. ಮಿನಿಮಮ್ ಒಂದೇ ಕಾಪಿ ಸಾಕು ಅಂತ ಸೆಟ್ಟಿಂಗ್ ಬದಲಾಯ್ಸಿದ್ರೆ ಫಿಲ್ಮ್ ಕೂಡ ಓಪನ್ ಆಗುತ್ತೆ."

"ಬ್ಯಾಡ್ರಿ ಸರ್. ಹಳೇ ಒಂಬತ್ತು ಜೀವಂತ ಅದ. ಅಕಿ ಕೈಯಾಗೇ ಅದ. ಹೊಳ್ಳಿ ಹಾಕಿದ್ರ ಆಯ್ತು."

"ಓಡ್ತಾ ಇರುವಾಗ್ಲೇ ಎಳೆದಿರೋ ಡಿಸ್ಕ್ ಮತ್ತೆ ಬರುತ್ತೆ ಅಂತ ಗ್ಯಾರಂಟಿ ಇದೆಯಾ?"

"ಬೀದರದಾಗ ಉಳದಿದ್ದು ಅದೇ ಲಾಟಿನ ಹಳೇ ಡಿಸ್ಕ್ ಸರ್. ಅದಕ್ಕ ಗ್ಯಾರಂಟಿ ಅದ ಏನ್ರಿ? ತುಂಬೋದ್ರಾಗ ಅದೂ ಹೋತಂದ್ರ ಮಂದಿ ಫಿಲ್ಮ್ ಯಾರ ಮನಿಗೆ ಹೋಗಿ ಕೇಳ್ಬೇಕು?"

ಪರದೆಯ ಮೇಲೆ ಅಕ್ಷರಗಳು ಬರತೊಡಗಿದವು. ಒಂಬತ್ತು ಸತ್ತಿತು ಎಂಬ ಅಪ್ಪಣೆ. ಆ ಅಪ್ಪಣೆಗೆ ಒಂದು ಬಾಲವಿದೆ, 'ಹೌದು, ನಾನು ನಿಜವಾಗಿಯೂ ಇದನ್ನೇ ಬಯಸುತ್ತೇನೆ' ಎಂದು. ಅದನ್ನು ಪೂರ್ತಿ ಬರೆದ ಹೊರತು ಯಂತ್ರ ಒಪ್ಪುವುದಿಲ್ಲ. ಮನುಷ್ಯ ಅಷ್ಟು ಹೊತ್ತಾದರೂ ವಿಚಾರ ಮಾಡಲಿ ಎಂದೇ ಯಾರೋ ಪುಣ್ಯಾತ್ಮರು ಇಟ್ಟಿದ್ದಾರೆ. ಇವರು ವಿಚಾರ ಮಾಡುತ್ತಿರಲಿಲ್ಲ, ಬಾಲ ಬರೆಯುತ್ತಿದ್ದರು.

ಮುಕ್ಕಾಲು ಬಾಲ ಆಗಿತ್ತು. ನಾನು ಆ ಸಾಲನ್ನು ಅಳಿಸಿದೆ. ಅವರು ತಿರುಗಿ ಶುರುಮಾಡಿದರು. ಆಗ ಅವರ ಲಾಗಿನ್ನನ್ನೇ ಕಡಿದುಹಾಕಿದೆ. ಬೀದರಿನ ಆ ಯಂತ್ರದ ಮೇಲೆ ಪೂರ್ತಿ ಅಧಿಕಾರ ನನ್ನ ಹೆಸರಿಗಿತ್ತು. ಕಾಗದದ ಮೇಲಿನ ಅಧಿಕಾರ, ಅಲ್ಲಿಯವರೆಗೆ ಬಳಸಿರಲಿಲ್ಲ.

ಫೋನು ಬಂತು. ಕಾಲ್ ಬಿಟ್ಟು ಅವರು ನನ್ನ ಮೊಬೈಲಿಗೇ ಮಾಡಿದ್ದರು. ಎತ್ತಿದೆ.

"ನನ್ನ ಆಕ್ಸೆಸ್ ಕಟ್ ಮಾಡಿದ್ರಾ ನೀವು?"

"ಹೌದ್ರಿ ಸರ್."

"ಇದರ ಪರಿಣಾಮ ಗೊತ್ತಾ?"

"ಗೊತ್ತದ್ರಿ. ಒಂಬತ್ತು ಬಂದ ಮ್ಯಾಲ ಮಾತಾಡ್ತೇನಿ," ಎಂದು ಇಟ್ಟೆ.

ಔರಾದದ ಲೈನಿನಲ್ಲಿ ಅಳು ಕೇಳಿಸುತ್ತಿತ್ತು. ಎಲ್ಲ ಕೇಳಿಸಿಕೊಂಡಿದ್ದಳು ಪಾಪ.

"ಅಕ್ಕಾ, ನನ್ನಿಂದ ಗಲತಿ ಆಯ್ತೇನ್ರಿ?"

"ಅಳೋದು ಆಮ್ಯಾಲ ಅಳೋಣಂತ, ಇಬ್ರೂ ಕೂಡಿ. ಹಳೇದು ಎಲ್ಲಿ ಅದ?"

"ಎದಿಗಿ ಹಿಡಕೊಂಡೇ ನಿಂತೀನ್ರಿ."

"ಶಾಣ್ಯಾಕಿ. ಟ್ರೇದಿಂದ ಬಿಚ್ಚಿಲ್ಲಲ್ಲ? ಹೊಸಾದು ಹೊರಗ ತೆಗಿ. ಬಂತು? ಈಗ ಹಳೇದರ ಚೀಟಿ ಓದು."

"ಒಂಬತ್ತು."

"ಒಂಬತ್ತು. ಹಾಕು. ಖಟ್ ಅಂತ ಸಪ್ಪಳ ಆಗೋ ತನಕ ಒತ್ತು."

ಖಟ್ ಎಂದದ್ದು ಬೀದರಿಗೂ ಕೇಳಿಸಿತು. ಆದರೆ ಡಿಸ್ಕು ಎದ್ದು ಬರಲಿಲ್ಲ. ಹೇಳದೆ ಕೇಳದೆ ಎಳೆದ ಡಿಸ್ಕು ತಿರುಗಿ ಬಂದಾಗ ಯಂತ್ರ ಅದಕ್ಕೆ ಬೇರೆ ಹೆಸರು ಕೊಟ್ಟಿರುತ್ತದೆ, ಹಳೆಯ ಹೆಸರಿನ ನಂಟೂ ಬಿಟ್ಟಿರುವುದಿಲ್ಲ. ಆ ಸತ್ತ ನಂಟನ್ನು ಹುಡುಕಿ ಕಳಚಿದೆ. ಡಿಸ್ಕಿನೊಳಗಿನ ಗುರುತನ್ನು ಓದಿಸಿದೆ. ಒಂಬತ್ತು ಎಂದೇ ಓದಿತು. ಸೇವೆ ಶುರು ಮಾಡು ಅಂದರೆ ಯಂತ್ರ ಒಪ್ಪಲಿಲ್ಲ. ಡಿಸ್ಕ್ ಇಲ್ಲದಾಗ ತಾನೇ ಮೇಲಿಂದ ಮೇಲೆ ಎಬ್ಬಿಸಲು ಹೋಗಿ ಸೋತು, 'ಬಹಳ ಸಲ ಆಯಿತು, ಇನ್ನು ಮಾಡುವುದಿಲ್ಲ' ಎಂದು ಮುನಿಸಿಕೊಂಡು ಕೂತಿತ್ತು. ಆ ಸೋಲಿನ ಲೆಕ್ಕ ಅಳಿಸಿ ತಿರುಗಿ ಎಬ್ಬಿಸಿದೆ.

ಒಂದಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಪರದೆಯಲ್ಲಿ ಒಂಬತ್ತರ ಎದುರು ಬಿದ್ದಿದ್ದ ಗುರುತು ಎದ್ದಿತು.

ಕೆಂಪು ಹಳದಿಯಾಯಿತು. ತಾನು ಹೊರಗಿದ್ದಾಗ ಬಂದ ನಾಲ್ಕಾರು ಹೊಸ ತುಂಡುಗಳನ್ನಷ್ಟೇ ಒಂಬತ್ತು ಕೇಳಿ ಪಡೆಯಿತು. ಉಳಿದದ್ದೆಲ್ಲ ಅದರಲ್ಲೇ ಇತ್ತಲ್ಲ. ಎಲುಬಿನ ಡಾಕ್ಟರರಿಗೆ ನಾನೇ ಫೋನು ಮಾಡಿದೆ. "ಹಾಂ, ಬಂತು ಬಂತು," ಎಂದು ಇಟ್ಟರು. ಒಂದು ತುಂಡೂ ಹೋಗಲಿಲ್ಲ. ಹನ್ನೊಂದಕ್ಕೆ 'ಸತ್ತಿತು' ಎಂಬ ಅಪ್ಪಣೆ ಆಗಲೇ ಹೋಗಿತ್ತು, ಹಿಂದೆ ಪಡೆಯುವಂತಿಲ್ಲ. ಆದ್ದರಿಂದ ಅದನ್ನು ಕನ್ನಡದಲ್ಲಿ ಹೇಳಿ, ಹೇಳಿಸಿಕೊಂಡು, ನಾವಿಬ್ಬರೇ ಬದಲಿಸಿದೆವು. ಹೊಸ ಡಿಸ್ಕಿಗೆ ಅದೇ ನಂಬರು ಕೊಟ್ಟು, ಭಾಲ್ಕಿ ಮುಗಿಯುವ ತನಕ ತುಂಬಬೇಡ ಎಂದು ತಡೆಹಿಡಿದಿಟ್ಟೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮರುದಿನ ಟ್ರಸ್ಟಿನ ಕಾರ್ಯದರ್ಶಿಗಳ ಕೋಣೆಯಲ್ಲಿ ಸಭೆ. ಅವರು ಬೀದರಿನ ಹಳೆಯ ವ್ಯಾಪಾರಸ್ಥರ ಮನೆತನದವರು, ಶರಣರ ವಚನ ಹೇಳುತ್ತಲೇ ವ್ಯವಹಾರ ಮಾತಾಡುವವರು, ಕಂಪ್ಯೂಟರಿನ ಗೊಡವೆಗೆ ಹೋಗದವರು. ಮೇಲ್ವಿಚಾರಕರು ಗೋಡೆಯ ದೊಡ್ಡ ಟಿ.ವಿ.ಯಲ್ಲಿದ್ದರು. ನಾನು ಕುರ್ಚಿಯ ತುದಿಗೆ. ಔರಾದದವಳನ್ನು ಯಾರೂ ಕರೆದಿರಲಿಲ್ಲ.

"ಸರ್, ನಿನ್ನೆಯ ಇನ್ಸಿಡೆಂಟ್ ಆಗಿದ್ದು ಔರಾದ್ ಆಪರೇಟರ್ ಮಿಸ್ಟೇಕಿಂದ," ಎಂದು ಮೇಲ್ವಿಚಾರಕರು ಶುರುಮಾಡಿದರು. "ಬೇಸಿಕ್ ಇಂಗ್ಲಿಷ್ ಇನ್‌ಸ್ಟ್ರಕ್ಷನ್ ಕೂಡ ಅರ್ಥ ಆಗಲ್ಲ. ರಿಸೋರ್ಸ್ ಚೇಂಜ್ ಮಾಡ್ತಿದ್ದೀವಿ. ನಿಮಗೇನೂ ತೊಂದ್ರೆ ಇಲ್ಲ ಸರ್, ಆ ಪೋಸ್ಟಿನ ಐಡಿ ಹಾಗೇ ಇರುತ್ತೆ. ಅದೇ ಐಡಿ ಮೇಲೆ ಬೇರೆಯವರು ಬರ್ತಾರೆ."

ಕಾರ್ಯದರ್ಶಿಗಳು ಚಹಾ ಕುಡಿಯುತ್ತ ತಲೆ ಆಡಿಸಿದರು. "ನಮ್ ಕೆಲ್ಸಾ ನಿಲ್ಲಬಾರ್ದು ನೋಡ್ರಿ, ಅಷ್ಟೇ. ಯಾರನ್ನರ ಹಾಕ್ರಿ."

ಇಷ್ಟೇ ಸಾಕಾಯಿತು, ಒಬ್ಬಳ ನೌಕರಿ ಹೋಗಲು. ಅರ್ಧ ಕಪ್ ಚಹಾದೊಳಗೆ.

ನಂಬರ್ ಉಳಿಸಿಕೊಂಡು ಒಳಗಿನದನ್ನು ಎತ್ತಿ ಎಸೆಯುವುದು ಹೇಗೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ, ಆ ದಿನಗಳಲ್ಲಿ ನಾನು ಮಾಡುತ್ತಿದ್ದದ್ದೇ ಅದು. ಆದರೆ ಒಂದು ಡಿಸ್ಕನ್ನು ತೆಗೆಯುವ ಮೊದಲೂ ನಾವು ಕೇಳುತ್ತೇವೆ: ಇದು ನಿಜವಾಗಿ ಕೆಟ್ಟಿದೆಯೇ, ಇದನ್ನು ತೆಗೆದರೆ ಏನು ಹೋಗುತ್ತದೆ? ಕಬ್ಬಿಣದ ಡಬ್ಬಿಗೆ ಇರುವಷ್ಟು ಮರ್ಯಾದೆ ಚಿಂತಾಕಿಯ ಹುಡುಗಿಗೆ ಇಲ್ಲವೇ?

"ಸರ್, ನಾ ಒಂದ್ ಮಾತ್ ಕೇಳ್ಬೇಕ್ರಿ," ಎಂದೆ ಟಿ.ವಿ.ಯ ಕಡೆ ತಿರುಗಿ. "ನೀವು ಅಕಿಗಿ ಏನಂತ ಹೇಳಿದ್ರಿ?"

"ಏನಂತ ಅಂದ್ರೆ? ಪುಲ್ ಮಾಡು ಅಂದೆ."

"ಯಾವುದು ತೆಗೀಲಿ ಅಂತ ಅಕಿ ಕೇಳಿದ್ಲು. ಆಗ ಏನಂದ್ರಿ?"

"ಮೇಡಮ್, ನಾನು ತುಂಬ ಕ್ಲಿಯರ್ ಆಗಿ ಹೇಳಿದೀನಿ. ನೌ ಅಂದೆ. ಒಂದ್ಸಲ ಅಲ್ಲ, ಮೇಲಿಂದ ಮೇಲೆ ಹೇಳಿದೀನಿ. ನೌ, ನೌ ಅಂತ."

ನಾನು ಕಾರ್ಯದರ್ಶಿಗಳ ಕಡೆ ತಿರುಗಿದೆ. "ಸರ್, ನೌ ಅಂದ್ರ ಎಷ್ಟ್ರಿ?"

"ಒಂಬತ್ತು," ಎಂದರು ಅವರು, ಕಪ್ಪಿನಿಂದ ತಲೆಯನ್ನೂ ಎತ್ತದೆ.

"ಅಕಿ ಒಂಬತ್ತೇ ತೆಗದಾಳ್ರಿ."

ಕಪ್ಪು ಬಸಿಯ ಮೇಲೆ ಕೂತಿತು. ಅವರು ನನ್ನನ್ನು ನೋಡಿದರು, ಟಿ.ವಿ. ನೋಡಿದರು. ಬಾಗಿಲ ಬಳಿ ನಿಂತಿದ್ದ ಲೆಕ್ಕದವರು ಮೊದಲು ಕಿಸಕ್ಕೆಂದರು. ಆಮೇಲೆ ಕಾರ್ಯದರ್ಶಿಗಳ ಹೊಟ್ಟೆ ಕುಣಿಯತೊಡಗಿತು.

"ಅಲ್ರೀ ಸಾಹೇಬ್ರ," ಎಂದರು ಕಣ್ಣೊರೆಸಿಕೊಳ್ಳುತ್ತ, "ಯಾವುದು ಅಂತ ಕೇಳಿದ್ರ ನೌ ಅಂತೀರಿ. ನಮ್ ಅಂಗ್ಡ್ಯಾಗ ಹಿಂಗ ಹೇಳಿದ್ರ ಒಂಬತ್ತ್ ಚೀಲ ಗಾಡಿಗಿ ಹೇರಿ ಕಳಿಸಿ ಬಿಡ್ತಿದ್ರು!"

"ಸರ್, ಅದು ಇಂಗ್ಲಿಷ್ ನೌ. ಈಗ ಅಂತ ಅರ್ಥ."

"ಈಗ ಅಂತಿದ್ರ ಈಗ ಅನ್ಬೇಕಿತ್ತು. ನಿಮ್ಗ ಕನ್ನಡ ಬರ್ತದಲ್ಲ?"

ನಾನು ಮಾತ್ರ ನಗಲಿಲ್ಲ. ನಗುವಂಥದ್ದೇನೂ ನನಗೆ ಕಾಣಲಿಲ್ಲ. "ಸರ್," ಎಂದೆ, "ಅಕಿಗಿ ತೆಗೀತೀರಿ ಅಂದ್ರ ನನಗೂ ತೆಗೀರಿ. ನಾ ಸಾಹೇಬ್ರ ಮಾತ್ ಕೇಳಲಾರದೆ ಅವರ ಲಾಗಿನ್ ಕಡದೀನಿ. ಅಕಿ ಅವರು ಹೇಳಿದ್ದೇ ಮಾಡ್ಯಾಳ. ತಪ್ಪ್ ಅಂದ್ರ ಮೊದಲು ನಂದು."

ಕಾರ್ಯದರ್ಶಿಗಳ ನಗು ನಿಂತಿತು. "ಯಾರಿಗೂ ತೆಗ್ಯಂಗಿಲ್ಲ," ಎಂದರು. "ಐಡಿನೂ ಅದೇ ಇರ್ಲಿ, ಹುಡಿಗೀನೂ ಅಕಿನೇ ಇರ್ಲಿ. ಇದು ನಮ್ ಟ್ರಸ್ಟಿನ ಮಾತು ಅಂತ ಬರಕೊಳ್ರಿ ಸಾಹೇಬ್ರ."

ಮೇಲ್ವಿಚಾರಕರು 'ನೋಟೆಡ್' ಅಂದರು.

ನನಗೆ ಕಂಪನಿಯಿಂದ ಒಂದು ಎಚ್ಚರಿಕೆ ಬಂತು, ಮೇಲಿನವರ ಪ್ರವೇಶ ಕಡಿದದ್ದಕ್ಕೆ. ಓದಿ, ಉತ್ತರ ಬರೆದೆ: ಮತ್ತೆ ಅಂಥ ಸಂದರ್ಭ ಬಂದರೆ ಮತ್ತೆ ಕಡಿಯುತ್ತೇನೆ. ಕಂಪನಿಯ ದಾಖಲೆಯಲ್ಲಿ ಆ ದಿನದ ಕಾರಣ ಇಂದಿಗೂ 'ಸಂವಹನ ಕೊರತೆ' ಎಂದೇ ಇದೆ. ಕೊರತೆ ಯಾರ ಕಡೆಯದು ಎಂದು ಬರೆದಿಲ್ಲ. ಅದೂ ನನಗೆ ಉರಿಯುತ್ತದೆ.

ಔರಾದದವಳು ಎರಡು ದಿನ ಸಣ್ಣ ದನಿಯಲ್ಲಿ ಮಾತಾಡಿದಳು. ಪ್ರತಿ ಮಾತಿಗೂ 'ಗಲತಿ ಆಯ್ತೇನ್ರಿ' ಎನ್ನುತ್ತಿದ್ದಳು. ನಾನು ಗದರಿದೆ: "ಎರಡ್ ಸಲ ಕೇಳಿದಾಕಿ ನೀ. ಕೇಳಿದಾಕಿದು ಗಲತಿ ಹ್ಯಾಂಗ ಆಗ್ತದ?"

ಭಾಲ್ಕಿಯ ಆರು ತುಂಬಿತು, ಆಮೇಲೆ ಹನ್ನೊಂದೂ ತುಂಬಿತು. ಉಳಿದದ್ದು ಔರಾದದ ಎಂಟು. ಅದನ್ನೂ ಖಾಲಿ ಮಾಡಿಟ್ಟೆ. ಬದಲಿಸುವ ದಿನ ಮೇಲ್ವಿಚಾರಕರು ತಾವೇ ಕಾಲ್‌ಗೆ ಬರುತ್ತೇನೆ ಎಂದರು. ಯಾಕೆಂದು ನಾನು ಕೇಳಲಿಲ್ಲ. ಬರಲಿ, ನನ್ನ ಕಣ್ಣೆದುರೇ ಬರಲಿ ಎಂದುಕೊಂಡೆ. ಈ ಸಲ ನನ್ನ ಮೊಬೈಲನ್ನು ಡ್ರಾದಲ್ಲಿಟ್ಟಿದ್ದೆ.

ಅಪ್ಪಣೆ ಕೊಟ್ಟಾಯಿತು. "ಓಕೆ, ಎಯ್ಟ್ ರೆಡಿ ಇದೆ, ಪುಲ್ ಮಾಡಿ," ಎಂದರು ಅವರು.

ಔರಾದದಿಂದ ಸದ್ದಿಲ್ಲ.

"ಹಲೋ? ಕೇಳಿಸ್ತಿದೆಯಾ?"

"ಕೇಳಸಲತ್ತದ್ರಿ ಸರ್," ಎಂದಳು ಅವಳು. ದನಿ ಸಣ್ಣದಿರಲಿಲ್ಲ. "ನಂಬರ್ ಕನ್ನಡದಾಗ ಹೇಳ್ರಿ."

ನಾನು ಬಾಯಿ ಹಾಕಲಿಲ್ಲ. ಲೈನಿನಲ್ಲಿ ಬೆಂಗಳೂರಿನ ಹಾರ್ನುಗಳು ಕೇಳಿಸಿದವು.

"ಎಂಟು," ಎಂದರು.

"ಎಂಟು," ಎಂದಳು ಚೀಟಿ ಓದಿ. "ಇನ್ನೊಮ್ಮಿ ಹೇಳ್ರಿ ಸರ್."

"ಎಂಟು."

ಆಗ ಎಳೆದಳು.